ಬಚ್ಚಲ ಒಲೆ ಹೊಗೆಗೆ ನೀವೇನು ಮಾಡಿದ್ರಿ?

ಊರು ತೀರ್ಥಹಳ್ಳಿ ಹತ್ತಿರ. ಅಡುಗೆ ಗ್ಯಾಸಲ್ಲೇ, ಆದ್ರೆ ಸ್ನಾನದ ನೀರು ಇವತ್ತಿಗೂ ಹಂಡೆಯಲ್ಲಿ. ಮಳೆಗಾಲದಲ್ಲಿ ಒದ್ದೆ ಕಟ್ಟಿಗೆ, ಮನೆಯೆಲ್ಲ ಹೊಗೆ, ಅಮ್ಮನಿಗೆ ಬಿಡದ ಕೆಮ್ಮು. ಗ್ಯಾಸ್ ಗೀಸರ್ ಹಾಕಿಸಲಾ, ಸೋಲಾರಾ? ಮಾಡಿ ನೋಡಿದವರು ಹೇಳಿ.

— ನಮ್ಮದು ಶಿರಸಿ ಕಡೆ. ಮೊದಲು ಕಟ್ಟಿಗೆ ನೋಡಿ. ಹಸಿ ಕಟ್ಟಿಗೆ ತುರುಕಿದ್ರೆ ಬೆಂಕಿ ಅದರೊಳಗಿನ ನೀರು ಆರಿಸೋದ್ರಲ್ಲೇ ಸುಸ್ತು. ಅರ್ಧಂಬರ್ಧ ಸುಟ್ಟಿದ್ದೆಲ್ಲ ಹೊಗೆ. ನಾವು ಬೇಸಿಗೆಯಲ್ಲೇ ಸೀಳಿ ಅಟ್ಟಕ್ಕೇರಿಸ್ತೇವೆ. ಒಲೆ ತಳಕ್ಕೆ ಕಬ್ಬಿಣದ ಜಾಲರಿ, ಹಿಂದೆ ಮಾಡು ದಾಟೋ ಕೊಳವೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರು ಹೊಗೆ ಕಮ್ಮಿ ಆಗ್ಲಿ ಅಂತ ಮಾಡಿದ 'ಅಸ್ತ್ರ' ಒಲೆಯದ್ದೂ ಇದೇ ಉಪಾಯ. ನಮ್ಮ ಎಡವಟ್ಟು ಒಂದೇ: ಕೊಳವೆ ಗುಡಿಸಲಿಲ್ಲ. ಒಳಗೆ ಡಾಂಬರಿನಂಥ ಮಸಿ ಗಟ್ಟಿಯಾಗಿ, ಹೊಗೆ ವಾಪಸ್ ಮುಖಕ್ಕೇ ಬಂತು. ಈಗ ತಿಂಗಳಿಗೊಮ್ಮೆ ಉದ್ದ ಕೋಲಿಗೆ ಗೋಣಿ ಸುತ್ತಿ ಎಳೀತೇವೆ.

— ಗೀಸರ್ ಹಾಕಿಸೋದಾದ್ರೆ ದಯವಿಟ್ಟು ಬಚ್ಚಲ ಒಳಗೆ ಬೇಡ. ಬೆಂಗಳೂರಿನ ಬಾಡಿಗೆ ಮನೇಲಿ ನಮ್ದು ಒಳಗೇ ಇತ್ತು. ಡಿಸೆಂಬರ್ ಚಳಿ ಅಂತ ಕಿಟಕಿಗೆ ರಟ್ಟು ಒತ್ತಿದ್ದೆ. ತಲೆಗೆ ಸೋಪು ಹಚ್ಚೋವಾಗ ತಲೆ ಸಿಡಿಯೋಕೆ ಶುರು, ಮಂಡಿ ಮಡಚಿಕೊಂಡಿತು. ಚಿಲಕ ಹಾಕಿರಲಿಲ್ಲ, ಬಚಾವಾದೆ. ಕಿಟಕಿ ಮುಚ್ಚಿದಾಗ ಬೆಂಕಿಗೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತೆ. ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಿಗಿಯಾಗಿ ರಕ್ತಕ್ಕೆ ಅಂಟಿಕೊಳ್ಳುತ್ತೆ. ಸಿಲಿಂಡರ್ ಸೋರಿದ್ರೆ ಬೆರೆಸಿಟ್ಟ ವಾಸನೆ ಎಚ್ಚರಿಸುತ್ತೆ, ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಕಟ್ಟಿಗೆ ಹೊಗೆ ಕಣ್ಣುರಿಸಿ ಆಚೆ ಓಡಿಸುತ್ತಲ್ಲ, ಆ ಉಪಕಾರವನ್ನೂ ಇದು ಮಾಡಲ್ಲ. ಹೊರಗೋಡೆಗೆ ಹಾಕಿಸಿ, ಒಳಗೆ ಬರೀ ನಲ್ಲಿ ಇರಲಿ.

— ಸೋಲಾರ್ ಹಾಕಿ ಆರು ವರ್ಷ. ಆಗುಂಬೆ ಸೀಮೆಯ ಜೂನ್-ಜುಲೈಗೆ ನಂಬಬೇಡಿ, ಉಳಿದ ತಿಂಗಳು ಧಾರಾಳ. 14.2 ಕೆ.ಜಿ. ಸಿಲಿಂಡರ್ ಪೂರ್ತಿ ಉರಿದ್ರೆ ಭೂಮಿ ಬಿಸಿಯೇರಿಸೋ ಇಂಗಾಲದ ಡೈಆಕ್ಸೈಡ್ ಸುಮಾರು 42 ಕೆ.ಜಿ. ಗಾಳಿಗೆ ಹೋಗುತ್ತೆ, ಆ ಲೆಕ್ಕಕ್ಕೂ ಸೋಲಾರೇ ವಾಸಿ. ಕಡಿದಷ್ಟು ಮರ ಬೆಳೆಸಿದ್ರೆ ಕಟ್ಟಿಗೆಗೆ ದೋಷವಿಲ್ಲ ಅಂತಾರೆ, ಆದ್ರೆ ಹೊಗೆಯಾಡೋ ಒಲೆ ಮೀಥೇನ್, ಕರಿ ಮಸಿ ಎರಡನ್ನೂ ಬಿಡುತ್ತೆ, ಅವೂ ಭೂಮಿ ಬಿಸಿಯೇರಿಸುವಂಥವೇ. ಅಮ್ಮನನ್ನ ಮೊದಲು ಶ್ವಾಸಕೋಶದ ಡಾಕ್ಟರಿಗೆ ತೋರಿಸಿ.

— ಕೇಳಿದವನೇ ಬರೀತಿದೀನಿ. ಸೋಲಾರ್ ಅಂದ್ರೆ ಅಮ್ಮ, 'ಹಂಡೆ ನೀರಿನ ಬಿಸಿ ಅದಕ್ಕೆಲ್ಲಿ ಬರ್ಬೇಕು' ಅಂತಾರೆ. ಜಾಲರಿಗೆ ಹೇಳಿಬಂದೆ; ಕೊಳವೆಗೆ ಮಾಡಿನ ಎರಡು ಹಂಚು ತೆಗೀಬೇಕು, ಮಳೆ ಬಿಡಲಿ. ಡಾಕ್ಟರು ಸೋಮವಾರ.