ಹಳೆಯ ಗಾಡಿಯ ರೇಡಿಯೊದಲ್ಲಿ ಮೊಬೈಲಿನ ಹಾಡು: ಮಿಸ್ತ್ರಿಯವರಿಗೆ ಪ್ರಶ್ನೆಗಳು

ಬಳಗದ ನಿರ್ವಾಹಕರು: ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕಾರಿನ ರೇಡಿಯೊ ಮತ್ತು ಟೇಪು ರಿಪೇರಿ ಮಾಡುವ ನಮ್ಮ ಮಿಸ್ತ್ರಿಯವರು ಇಂದು ಸಂಜೆ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಕೇಳುವವರು ಹೆಸರಿನ ಬದಲಿಗೆ ತಮ್ಮ ಗಾಡಿ ಮತ್ತು ಊರನ್ನು ಬರೆಯಬೇಕು. ಬೇರೆ ಕಡೆಯಿಂದ ಬಂದ ಸಂದೇಶಗಳನ್ನು ಇಲ್ಲಿ ಹಾಕಬಾರದೆಂದು ವಿನಂತಿ.

ಪದ್ಮಿನಿ, ಸೇಡಂ ರಸ್ತೆ: ನಮಸ್ಕಾರ ಮಿಸ್ತ್ರಿಯವರೇ. ನಮ್ಮದು 1986ರ ಪ್ರೀಮಿಯರ್ ಪದ್ಮಿನಿ. ಎರಡು ಗುಂಡಿಗಳ ಹಳೆಯ ಸೆಟ್ಟಿನಲ್ಲಿ ರೇಡಿಯೊ ಮತ್ತು ಟೇಪು ಎರಡೂ ಇಂದಿಗೂ ಕೆಲಸ ಮಾಡುತ್ತಿವೆ. ಮೊಬೈಲಿನ ಹಾಡು ಕೇಳಬೇಕಾದರೆ ಡ್ಯಾಶ್‌ಬೋರ್ಡ್ ಕೊಯ್ದು ಹೊಸ ಸ್ಟೀರಿಯೊ ಕೂಡಿಸಲೇಬೇಕೆಂದು ಒಂದು ಅಂಗಡಿಯವರು ಹೇಳಿದರು. ಬೇರೆ ದಾರಿ ಇಲ್ಲವೇ?

ಮಿಸ್ತ್ರಿ: ಕೊಯ್ಯಬೇಡಿ. ಇಂದಿನ ಸ್ಟೀರಿಯೊ ಕೂಡಲು ಸುಮಾರು 18 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರದ ಒಂದೇ ಕಿಂಡಿ ಬೇಕು. ನಿಮ್ಮಲ್ಲಿರುವುದು ಗುಂಡಿಗಳ ಎರಡು ದಂಡಗಳಿಗೆ ಎರಡು ತೂತು, ನಡುವೆ ಡಯಲಿಗೊಂದು ಕಿಂಡಿ. ಒಮ್ಮೆ ಕತ್ತರಿಸಿದ ತಗಡು ಮತ್ತೆ ಮೊದಲಿನಂತಾಗುವುದಿಲ್ಲ. ಟೇಪು ಓಡುತ್ತಿರುವುದರಿಂದ ನಿಮಗೆ ಕ್ಯಾಸೆಟ್ ಅಡಾಪ್ಟರ್ ಸಾಕು. ಕ್ಯಾಸೆಟ್ಟಿನ ಅಳತೆ 1963ರಿಂದ ಇಂದಿನವರೆಗೆ ಬದಲಾಗಿಲ್ಲವಾದ್ದರಿಂದ ಅದು ಯಾವ ಟೇಪಿನಲ್ಲಾದರೂ ಕೂಡುತ್ತದೆ. ರಿಬ್ಬನ್ ಇರಬೇಕಾದ ಜಾಗದಲ್ಲಿ ಅದಕ್ಕೊಂದು ಸಣ್ಣ ಸುರುಳಿ ಇರುತ್ತದೆ. ಮೊಬೈಲಿನ ಹಾಡನ್ನು ಅದು ಕಾಂತೀಯ ಏರಿಳಿತವಾಗಿ ಟೇಪಿನ ಹೆಡ್ಡಿಗೆ (ರಿಬ್ಬನ್ನಿನಿಂದ ಹಾಡನ್ನು ಓದುವ ಭಾಗಕ್ಕೆ) ಕೊಡುತ್ತದೆ. ಟೇಪು ತಾನೇ ನಿಂತರೆ ಅಥವಾ ಹೊರಗೆ ತಳ್ಳಿದರೆ ಬೆಲ್ಟು ಸಡಿಲವಾಗಿರಬಹುದು. ಬೇಸಿಗೆಯಲ್ಲಿ ಅಡಾಪ್ಟರನ್ನು ಒಳಗೇ ಬಿಡಬೇಡಿ, ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ.

ಅಂಬಾಸಿಡರ್, ಹುಮನಾಬಾದ್: ನನ್ನದು 1972ರ ಗಾಡಿ. ಸಿಗರೇಟ್ ಲೈಟರಿಗೆ ಚುಚ್ಚುವ ಎಫ್‌ಎಂ ಬ್ಲೂಟೂತ್ ಉಪಕರಣವನ್ನು ತಂದೆ, ಆದರೆ ರೇಡಿಯೊದಲ್ಲಿ ಏನೂ ಕೇಳಿಸುತ್ತಿಲ್ಲ. ರೇಡಿಯೊ ಕೆಟ್ಟಿದೆಯೇ?

ಮಿಸ್ತ್ರಿ: ಡಯಲಿನ ಮೇಲೆ ಏನು ಬರೆದಿದೆ?

ಅಂಬಾಸಿಡರ್, ಹುಮನಾಬಾದ್: ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್.

ಮಿಸ್ತ್ರಿ: ಆ ಉಪಕರಣ 88ರಿಂದ 108 ಮೆಗಾಹರ್ಟ್ಸ್‌ನ ನಡುವೆ ಪ್ರಸಾರ ಮಾಡುತ್ತದೆ. ನಿಮ್ಮ ರೇಡಿಯೊಗೆ ಆ ಪಟ್ಟಿಯೇ ಇಲ್ಲ. ರೇಡಿಯೊ ಸರಿಯಾಗಿದೆ, ಉಪಕರಣವನ್ನು ಅಂಗಡಿಗೆ ಹಿಂದಿರುಗಿಸಿ.

ನಿಮ್ಮ ಸೆಟ್ಟಿಗೆ ತಕ್ಕ ದಾರಿಯೆಂದರೆ ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಗೆ (ರೇಡಿಯೊದ ಹಾಡು ಒಳಬರುವ ತುದಿಗೆ) ಹೊರಗಿನ ಹಾಡನ್ನು ಕೊಡುವುದು. ಮೊಬೈಲಿನ ಹಾಡನ್ನು ವೈರಿಲ್ಲದೆ ಪಡೆಯುವ ಸಣ್ಣ ಬ್ಲೂಟೂತ್ ಬೋರ್ಡಿನ ಎಡ ಮತ್ತು ಬಲ ವೈರುಗಳನ್ನು ನೇರವಾಗಿ ಹೊಸೆದು ಒಂದು ಮಾಡಬಾರದು. ಹಾಗೆ ಮಾಡಿದರೆ ಒಂದು ಕಡೆಯ ಔಟ್‌ಪುಟ್ ಇನ್ನೊಂದನ್ನು ಎಳೆಯುತ್ತದೆ. ಎರಡಕ್ಕೂ ಬೇರೆ ಬೇರೆಯಾಗಿ 2.2 ಕಿಲೋಓಮ್ ರೆಸಿಸ್ಟರ್ ಹಾಕಿ, ಅನಂತರ ಕೂಡಿಸಿ, ಅಲ್ಲಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ವಾಲ್ಯೂಮಿಗೆ ಕೊಡಬೇಕು. ಆಕಾಶವಾಣಿ ಮತ್ತು ಮೊಬೈಲು ಒಟ್ಟಿಗೆ ಮಾತನಾಡದಂತೆ ನಡುವೆ ಒಂದು ಸಣ್ಣ ಸ್ವಿಚ್ಚು ಇರಲಿ. ಸೆಟ್ಟಿನೊಳಗೆ ಬಲ್ಬಿನಂತಹ ಗಾಜಿನ ವಾಲ್ವುಗಳು ಕಂಡರೆ ಮಾತ್ರ ಕೈ ಹಾಕದೆ ಮುಚ್ಚಿಬಿಡಿ. ಗಾಡಿಯ ಬ್ಯಾಟರಿ 12 ವೋಲ್ಟಿನದಾದರೂ ವಾಲ್ವ್ ಸೆಟ್ಟಿನೊಳಗೆ 200 ವೋಲ್ಟಿನಷ್ಟು ತಯಾರಾಗಬಲ್ಲದು, ಸ್ವಿಚ್ಚು ಆರಿಸಿದ ಮೇಲೂ ಅದು ಕೆಪಾಸಿಟರಿನಲ್ಲಿ ಉಳಿದಿರಬಹುದು.

ಕಾಂಟೆಸ್ಸಾ, ಕಲಬುರಗಿ: ನನ್ನ ಎಫ್‌ಎಂ ಬ್ಲೂಟೂತ್ ಕೂಡ ಮೀಡಿಯಂ ವೇವ್ ರೇಡಿಯೊದಲ್ಲಿ ಕೇಳಿಸುತ್ತಿಲ್ಲ. ಏನು ಮಾಡಬೇಕು?

ಮಿಸ್ತ್ರಿ: ಮೇಲಿನ ಉತ್ತರವನ್ನು ಓದಿ.

ಫಿಯೆಟ್, ಆಳಂದ: ನಮ್ಮ ರೇಡಿಯೊದ ಡಯಲಿನ ದೀಪ ಹೋಗಿದೆ. ಸಣ್ಣ ಬಲ್ಬು ಎಲ್ಲಿ ಸಿಗುತ್ತದೆ?

ಮೋರಿಸ್ ಮೈನರ್, ಬೀದರ್: ಮಿಸ್ತ್ರಿಯವರೇ, ಅಜ್ಜನವರ ಕಾಲದ ಗಾಡಿ, 12 ವೋಲ್ಟಿನದು. ಟ್ರಾನ್ಸಿಸ್ಟರ್ ರೇಡಿಯೊ ಚೆನ್ನಾಗಿ ಹಾಡುತ್ತದೆ. ನಮ್ಮ ಊರಿನ ಒಬ್ಬ ಹುಡುಗ ಡ್ಯಾಶ್‌ಬೋರ್ಡಿನ ಹಿಂದೆ ಯುಎಸ್‌ಬಿ ಚಾರ್ಜರ್ ಮತ್ತು ಬ್ಲೂಟೂತ್ ಬೋರ್ಡ್ ಹಾಕಿ, ರೇಡಿಯೊಗೆ ಒಂದು ಆಕ್ಸ್ ವೈರು (ಹಾಡನ್ನು ಸಾಗಿಸುವ ಪಿನ್ನಿನ ವೈರು) ಕೊಟ್ಟಿದ್ದಾನೆ. ಬೋರ್ಡಿನ ದೀಪ ಹತ್ತುತ್ತದೆ. ಆದರೆ ಆಕ್ಸ್ ಪಿನ್ನಿನ ಲೋಹ ಡ್ಯಾಶ್‌ಬೋರ್ಡಿಗೆ ತಾಗಿದರೆ ಕಿಡಿ ಹಾರುತ್ತದೆ, ರೇಡಿಯೊಗೆ ಚುಚ್ಚಿದರೆ ವೈರು ಬಿಸಿಯಾಗಿ ವಾಸನೆ ಬರುತ್ತದೆ. ವೈರು ಕಳಪೆಯೆಂದು ಹೇಳಿ ಆ ಹುಡುಗ ಇನ್ನೂ ದಪ್ಪನೆಯದನ್ನು ತರುತ್ತೇನೆ ಎನ್ನುತ್ತಿದ್ದಾನೆ.

ಮಿಸ್ತ್ರಿ: ದಪ್ಪ ವೈರು ಬೇಡವೇ ಬೇಡ. ಮೊದಲು ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚಿಟ್ಟು, ಗಾಡಿಯ ಬಾಡಿಗೆ, ಅಂದರೆ ಲೋಹದ ಮೈಗೆ, ಬ್ಯಾಟರಿಯ ಯಾವ ಕಂಬ ಸೇರಿದೆಯೆಂದು ನೋಡಿ ತಿಳಿಸಿ. ಗುರುತು ಅಳಿಸಿದ್ದರೆ ದಪ್ಪ ಕಂಬವೇ ಪಾಸಿಟಿವ್.

ಮೋರಿಸ್ ಮೈನರ್, ಬೀದರ್: ಬಿಚ್ಚಿದ್ದೇನೆ. ದಪ್ಪ ಕಂಬವೇ ಬಾಡಿಗೆ ಸೇರಿದೆ.

ಮಿಸ್ತ್ರಿ: ನಾನು ಅಂದುಕೊಂಡಂತೆಯೇ ಇದೆ. ನಿಮ್ಮ ಗಾಡಿ ಪಾಸಿಟಿವ್ ಅರ್ಥ್, ಅಂದರೆ ಬಾಡಿಯೇ ಪಾಸಿಟಿವ್. ಇಂದಿನ ಗಾಡಿಗಳಲ್ಲಿ ಬಾಡಿ ನೆಗೆಟಿವ್ ಆಗಿರುತ್ತದೆ. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಅನೇಕವು ಇದಕ್ಕೆ ತಿರುಗುಮುರುಗು. ಆ ಹುಡುಗ ಚಾರ್ಜರಿನ ಪಾಸಿಟಿವನ್ನು ಬಾಡಿಗೂ ನೆಗೆಟಿವನ್ನು ಗಾಡಿಯ ವೈರಿಗೂ ಕೊಟ್ಟಿರಬೇಕು. ಅಲ್ಲಿಯವರೆಗೆ ಅವನು ಮಾಡಿದ್ದು ಸರಿ, ಅದಕ್ಕೇ ದೀಪ ಹತ್ತುತ್ತಿದೆ. ತೊಂದರೆ ಅದರ ಮುಂದಿದೆ. ಸಾಮಾನ್ಯ ಚಾರ್ಜರಿನಲ್ಲಿ ಒಳಬರುವ ನೆಗೆಟಿವ್ ಮತ್ತು ಹೊರಹೋಗುವ ನೆಗೆಟಿವ್ ಒಂದೇ ತಂತಿ. ಆದ್ದರಿಂದ ನಿಮ್ಮ ಬೋರ್ಡಿನ ಅರ್ಥ್ ಮತ್ತು ಆಕ್ಸ್ ವೈರಿನ ಹೊರಜಾಲಿ (ಒಳತಂತಿಯ ಸುತ್ತ ಹೆಣೆದ ತೆಳು ತಂತಿ) ಎರಡೂ ಬ್ಯಾಟರಿಯ ನೆಗೆಟಿವ್‌ಗೆ ಸೇರಿವೆ. ರೇಡಿಯೊದ ಡಬ್ಬಿ ಬಾಡಿಗೆ ಕೂತಿದೆ, ಅಂದರೆ ಪಾಸಿಟಿವ್. ಪಿನ್ನು ಚುಚ್ಚಿದ ಕೂಡಲೇ ಪೂರ್ತಿ ಬ್ಯಾಟರಿ ಆ ಕೂದಲೆಳೆಯಂತಹ ಜಾಲಿಯ ಮೂಲಕ ಶಾರ್ಟ್ ಆಗುತ್ತದೆ. ತೆಳ್ಳನೆಯ ವೈರು ಬಿಸಿಯಾಗಿ ನಿಮ್ಮನ್ನು ಎಚ್ಚರಿಸಿದೆ. ದಪ್ಪ ವೈರು ಹಾಕಿದ್ದರೆ ಅದರ ಬದಲು ಗಾಡಿಯ ಹಳೆಯ ಬಟ್ಟೆ ಸುತ್ತಿದ ವೈರಿಂಗೇ ಹೊತ್ತಿಕೊಳ್ಳುತ್ತಿತ್ತು. ಈ ದಾರಿಯಲ್ಲಿ ಸರಿಯಾದ ಫ್ಯೂಸು ಇದ್ದಿದ್ದರೆ ಅದು ಮೊದಲ ಕಿಡಿಗೇ ಹೋಗಬೇಕಾಗಿತ್ತು. ಹೋಗಿಲ್ಲವೆಂಬುದೇ ನನಗೆ ಹೆಚ್ಚು ಚಿಂತೆಯ ವಿಷಯ.

ಪರಿಹಾರವಿದೆ, ಖರ್ಚೂ ಹೆಚ್ಚಲ್ಲ. 12 ವೋಲ್ಟಿನಿಂದ 5 ವೋಲ್ಟ್ ಕೊಡುವ, ಒಳಗಿನ ಮತ್ತು ಹೊರಗಿನ ತಂತಿಗಳು ಒಂದಕ್ಕೊಂದು ಸೇರದ ಐಸೊಲೇಟೆಡ್ ಕನ್ವರ್ಟರ್ ಸಿಗುತ್ತದೆ. ಅಂಗಡಿಯವರ ಮಾತನ್ನು ನಂಬದೆ ಕರೆಂಟ್ ಕೊಡುವ ಮೊದಲು ಒಳಗಿನ ನೆಗೆಟಿವ್ ಮತ್ತು ಹೊರಗಿನ ನೆಗೆಟಿವ್ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಎಂದರೆ ಅದು ಐಸೊಲೇಟೆಡ್ ಅಲ್ಲ. ಬ್ಯಾಟರಿಯ ಕಡೆಯ ವೈರಿನಲ್ಲಿ 1 ಆಂಪಿಯರ್ ಫ್ಯೂಸು ಇರಲಿ, ಬ್ಲೂಟೂತ್ ಬೋರ್ಡಿಗೆ ಅದರ ಕಾಲುಭಾಗವೂ ಬೇಕಾಗುವುದಿಲ್ಲ. ಇನ್ನೊಂದು ಮಾತು: ನಿಮ್ಮ ಗಾಡಿಯ ಲೈಟರ್ ಸಾಕೆಟ್ಟಿಗೆ ಯಾವ ಚಾರ್ಜರನ್ನೂ ಚುಚ್ಚಬೇಡಿ, ಅಲ್ಲಿ ಹೊರಗಿನ ಬಳೆ ಪಾಸಿಟಿವ್ ಆಗಿರುವುದರಿಂದ ಚಾರ್ಜರಿಗೆ ಕರೆಂಟು ಉಲ್ಟಾ ಹೋಗುತ್ತದೆ.

ಜೀಪು, ಯಾದಗಿರಿ: ಎಲ್ಲರ ಉಪಯೋಗಕ್ಕಾಗಿ, ನನಗೆ ಬಂದ ಸಂದೇಶ: ‘ಪಾಸಿಟಿವ್ ಅರ್ಥ್ ಗಾಡಿಗಳಲ್ಲಿ ಬ್ಯಾಟರಿಯನ್ನು ತಿರುಗಿಸಿ ಕೂಡಿಸಿದರೆ ಸಾಕು, ಎಲ್ಲ ಹೊಸ ಉಪಕರಣಗಳೂ ನಡೆಯುತ್ತವೆ. ವಾಲ್ಯೂಮ್ ಕರಕರ ಎಂದರೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ. ಫ್ಯೂಸು ಪದೇ ಪದೇ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ.’

ಮಿಸ್ತ್ರಿ: ಇದನ್ನು ದಯವಿಟ್ಟು ಅಳಿಸಿ. ಬ್ಯಾಟರಿ ತಿರುಗಿಸಿ ಸ್ವಿಚ್ಚು ಹಾಕಿದರೆ ಪಾಸಿಟಿವ್ ಅರ್ಥ್ ಟ್ರಾನ್ಸಿಸ್ಟರ್ ರೇಡಿಯೊ ಸುಡಬಹುದು. ಕೆಲವು ಸೆಟ್ಟುಗಳ ಹಿಂದೆ ಪಾಸಿಟಿವ್ ನೆಗೆಟಿವ್ ಬದಲಾಯಿಸುವ ಪ್ಲಗ್ಗು ಇರುತ್ತದೆ, ಎಲ್ಲದಕ್ಕೂ ಇರುವುದಿಲ್ಲ. ಡೈನಮೊದ ಧ್ರುವವನ್ನೂ ಹೊಸದಾಗಿ ಕೂಡಿಸಬೇಕು, ಇಗ್ನಿಷನ್ ಕಾಯಿಲಿನ ಮತ್ತು ಆಂಪಿಯರ್ ಮೀಟರಿನ ವೈರುಗಳನ್ನೂ ಅದಲುಬದಲು ಮಾಡಬೇಕು. ಕೊಬ್ಬರಿ ಎಣ್ಣೆಗೆ ನಮ್ಮ ಕಡೆಯ ದೂಳು ಅಂಟಿ ವಾಲ್ಯೂಮ್ ಶಾಶ್ವತವಾಗಿ ಕೆಡುತ್ತದೆ. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಇದೆ. ಬೆಳ್ಳಿ ಕಾಗದ ಸುತ್ತಿದ ಗಾಡಿ ಸುಟ್ಟರೆ ಸಂದೇಶ ಬರೆದವರು ಬಂದು ಆರಿಸುವುದಿಲ್ಲ.

ಜೀಪು, ಯಾದಗಿರಿ: ಒಳ್ಳೆಯದಾಗಲಿ ಎಂದು ಹಾಕಿದೆ, ಇಷ್ಟು ಸಿಟ್ಟೇಕೆ? ನನ್ನ ಪ್ರಶ್ನೆಯೂ ಇದೆ. ಹೊಸ ಸ್ಟೀರಿಯೊ ಹಾಕಿದ ದಿನವೇ ಹೊಗೆ ಬಂತು. ಹಳೆಯ ಸ್ಪೀಕರ್‌ಗಳನ್ನೇ ಉಳಿಸಿಕೊಂಡಿದ್ದೆ.

ಮಿಸ್ತ್ರಿ: ಹಳೆಯ ಸ್ಪೀಕರಿನ ಒಂದು ತುದಿ ಬಾಡಿಗೆ ಸೇರಿರಬೇಕು. ಹೊಸ ಸ್ಟೀರಿಯೊಗಳಲ್ಲಿ ಸ್ಪೀಕರಿನ ಎರಡೂ ತುದಿಗಳಿಗೆ ಆಂಪ್ಲಿಫೈಯರ್ ಇರುತ್ತದೆ, ಯಾವುದೂ ಬಾಡಿಗೆ ತಾಗಬಾರದು. ಪ್ರತಿ ಸ್ಪೀಕರಿಗೆ ಎರಡು ಹೊಸ ವೈರು ಎಳೆಯಿರಿ. ಸ್ಟೀರಿಯೊದೊಳಗಿನ ಸುಟ್ಟ ಐಸಿ (ಚಿಪ್) ಬದಲಾಯಿಸಬೇಕಾಗುತ್ತದೆ.

ಅಂಬಾಸಿಡರ್, ಹುಮನಾಬಾದ್: ಪದ್ಮಿನಿಯವರೇ, ನೀವು ಕ್ಯಾಸೆಟ್ ಅಡಾಪ್ಟರ್ ಹಾಕಿದರೂ ಗಾಡಿಯ ಮೂಲರೂಪ ಹೋಯಿತೆಂದೇ ನನ್ನ ಅಭಿಪ್ರಾಯ. ನಾಳೆ ವಿಂಟೇಜ್ ನೋಂದಣಿ ಸಿಗುವುದಿಲ್ಲ.

ಪದ್ಮಿನಿ, ಸೇಡಂ ರಸ್ತೆ: ಅಣ್ಣಾರೇ, ತಪ್ಪು ಹೇಳಬೇಡಿ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ, ಅಂದರೆ ‘ವಿಎ’ ಅಕ್ಷರಗಳ ಸಾಲಿನ ನಂಬರು. ನನ್ನದು 1986ರದು, ಆ ಪ್ರಶ್ನೆಯೇ ಬರುವುದಿಲ್ಲ. ಅಲ್ಲಿ ಹೇಳಿರುವ ದೊಡ್ಡ ಬದಲಾವಣೆಯೆಂದರೆ ಷಾಸಿ, ಬಾಡಿ ಮತ್ತು ಎಂಜಿನ್ನಿನದು. ಕ್ಯಾಸೆಟ್ಟನ್ನು ಹೊರಗೆ ತೆಗೆದರೆ ಮುಗಿಯಿತು.

ಅಂಬಾಸಿಡರ್, ಹುಮನಾಬಾದ್: ನಿಯಮ ಓದಿದವರು ಅದರ ಮನಸ್ಸನ್ನೂ ಓದಬೇಕು.

ಪದ್ಮಿನಿ, ಸೇಡಂ ರಸ್ತೆ: ಮೀಡಿಯಂ ವೇವ್ ಸೆಟ್ಟಿಗೆ ಎಫ್‌ಎಂ ಉಪಕರಣ ತಂದವರಿಂದ ಮೂಲರೂಪದ ಪಾಠ ನನಗೆ ಬೇಕಾಗಿಲ್ಲ.

ಕಾಂಟೆಸ್ಸಾ, ಕಲಬುರಗಿ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಮಿಸ್ತ್ರಿಯವರೇ, ಬೋರ್ಡಿಗೆ ಚಾರ್ಜರಿನ ಬದಲು ಪವರ್ ಬ್ಯಾಂಕನ್ನೇ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟರೆ ಯಾವ ಅರ್ಥಿನ ತಲೆನೋವೂ ಇರುವುದಿಲ್ಲವಲ್ಲ?

ಮಿಸ್ತ್ರಿ: ಮೇ ತಿಂಗಳ ಕಲಬುರಗಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಲಿಥಿಯಂ ಬ್ಯಾಟರಿ ಬಿಡುತ್ತೀರಾ? ಉಬ್ಬುತ್ತದೆ, ಹೊತ್ತಿಕೊಳ್ಳಲೂಬಹುದು. ಇಳಿಯುವಾಗ ಕೈಯಲ್ಲಿ ತೆಗೆದುಕೊಂಡು ಹೋಗುವುದಾದರೆ ಇಡಿ.

ಫಿಯೆಟ್, ಆಳಂದ: ಡಯಲಿನ ಬಲ್ಬಿನ ಬಗ್ಗೆ ಕೇಳಿದ್ದೆ.

ಅಂಬಾಸಿಡರ್, ಹುಮನಾಬಾದ್: ಪದ್ಮಿನಿಯವರು ಕ್ಷಮೆ ಕೇಳುವವರೆಗೆ ನಾನು ಈ ಬಳಗದಲ್ಲಿ ಬರೆಯುವುದಿಲ್ಲ.

ಮಾರುತಿ 800, ಶಹಾಪುರ: ಈಗಷ್ಟೇ ಸೇರಿದೆ. ಹಳೆಯ ರೇಡಿಯೊಗೆ ಎಫ್‌ಎಂ ಬ್ಲೂಟೂತ್ ನಡೆಯುತ್ತದೆಯೇ?

ಮಿಸ್ತ್ರಿ: ಡಯಲಿನಲ್ಲಿ ಎಫ್‌ಎಂ ಇದ್ದರೆ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಇದೇ ಪ್ರಶ್ನೆಗೆ ಇನ್ನು ಉತ್ತರ ಕೊಡುವುದಿಲ್ಲ.

ಮೋರಿಸ್ ಮೈನರ್, ಬೀದರ್: ಮಿಸ್ತ್ರಿಯವರೇ, ಫ್ಯೂಸಿನ ಡಬ್ಬಿ ತೆರೆದು ನೋಡಿದೆ. ರೇಡಿಯೊದ ಸಾಲಿನಲ್ಲಿ ಫ್ಯೂಸಿನ ಜಾಗಕ್ಕೆ ಒಂದು ತಾಮ್ರದ ತಂತಿ ಸುತ್ತಿದ್ದಾರೆ. ಅದನ್ನು ಬಿಟ್ಟು ಕನ್ವರ್ಟರನ್ನಷ್ಟೇ ಹಾಕಿಸಬಹುದೇ?

ಮಿಸ್ತ್ರಿ: ಇಲ್ಲ. ಮೊದಲು ಆ ತಂತಿಯನ್ನು ತೆಗೆದು, ರೇಡಿಯೊದ ಹಿಂದಿನ ಚೀಟಿಯಲ್ಲಿ ಬರೆದಷ್ಟೇ ಆಂಪಿಯರಿನ ಗಾಜಿನ ಫ್ಯೂಸು ಹಾಕಿ. ಚೀಟಿ ಹರಿದಿದ್ದರೆ ಸೆಟ್ಟಿನ ಹಿಂಬದಿಯ ಚಿತ್ರ ಕಳುಹಿಸಿ, ನಾನು ಹೇಳುತ್ತೇನೆ. ಬಿಸಿಯಾದ ಆ ಆಕ್ಸ್ ವೈರನ್ನು ಎಸೆಯಿರಿ, ಮತ್ತೆ ಬಳಸಬೇಡಿ. ಅದರ ಪಕ್ಕದಲ್ಲಿ ಹಾದುಹೋದ ಗಾಡಿಯ ವೈರುಗಳ ಬಟ್ಟೆ ಕಪ್ಪಾಗಿದೆಯೇ ಎಂದು ಬೆಳಕು ಹಾಯಿಸಿ ನೋಡಿ. ಅಷ್ಟು ಮುಗಿಯುವವರೆಗೆ ಬ್ಯಾಟರಿಯ ತಂತಿ ಬಿಚ್ಚಿದಂತೆಯೇ ಇರಲಿ.