ಅಪ್‌ಡೇಟ್: ಅರೆನೆರಳಿನಲ್ಲಿ ಹೂದಾನಿಗೆ ಕೊಯ್ಯುವ ಹೂಗಳು

ಬೆಳಿಗ್ಗೆ 3–4 ಗಂಟೆ ಬಿಸಿಲು, ಆಮೇಲೆ ಮರದ ನೆರಳು ಬೀಳುವ ಪಾತಿಗೆ ಯಾವ ಹೂಗಿಡ ಒಗ್ಗುತ್ತದೆ ಎಂದು ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಧನ್ಯವಾದ.

ಜಿನ್ನಿಯಾ ಕೈಬಿಟ್ಟೆ. ನೆರಳಿನಲ್ಲಿ ಅದರ ಕಾಂಡ ಬೆಳಕಿನ ಕಡೆ ವಾಲುತ್ತದೆ, ಹೂ ಕಡಿಮೆ, ಎಲೆಗೆ ಬೂದಿರೋಗ ಬೇಗ ಹತ್ತುತ್ತದೆ.

ಉಳಿಸಿಕೊಂಡದ್ದು ಆಸ್ಟಿಲ್ಬಿ, ಹೈಡ್ರೇಂಜಿಯಾ, ಫಾಕ್ಸ್‌ಗ್ಲವ್. ಆಸ್ಟಿಲ್ಬಿಗೆ 45 ಸೆಂ.ಮೀ. ಅಂತರ. ಮರದ ಬೇರು ನೀರು ಹೀರಿಕೊಳ್ಳುವುದರಿಂದ ಕಾಂಪೋಸ್ಟ್ ಬೆರೆಸಿ, ಮೇಲೆ 5 ಸೆಂ.ಮೀ. ತರಗೆಲೆ ಹೊದಿಸಬೇಕು; ಮಣ್ಣು ಒಣಗಿದರೆ ಎಲೆಯಂಚು ಕಂದಾಗಿ ಮುರುಟುತ್ತದೆ. ಗೊಂಚಲು ಅರ್ಧಕ್ಕಿಂತ ಹೆಚ್ಚು ಅರಳಿದ ಮೇಲೆಯೇ ಕೊಯ್ಯಿರಿ, ಮೊಗ್ಗಿನಲ್ಲಿ ಕೊಯ್ದರೆ ಹೂದಾನಿಯಲ್ಲಿ ಅರಳುವುದಿಲ್ಲ.

ಹೈಡ್ರೇಂಜಿಯಾ ಎಳಸಾಗಿದ್ದರೆ ಗಂಟೆಯೊಳಗೆ ಜೋತುಬೀಳುತ್ತದೆ. ಮುಟ್ಟಿದಾಗ ದಳ ಕಾಗದದಂತೆ ಗಡುಸಾಗಿರಬೇಕು. ಬಾಡಿದರೆ ಕಾಂಡದ ತುದಿ ಮತ್ತೆ ಓರೆಯಾಗಿ ಕತ್ತರಿಸಿ, ಇಡೀ ಗೊಂಚಲನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ಮುಳುಗಿಸಿಡಿ, ಬಹುಪಾಲು ಚೇತರಿಸಿಕೊಳ್ಳುತ್ತದೆ.

ಫಾಕ್ಸ್‌ಗ್ಲವ್ ಸಾಮಾನ್ಯವಾಗಿ ಎರಡನೇ ವರ್ಷ ಹೂ ಬಿಡುತ್ತದೆ. ಗಿಡವಿಡೀ ವಿಷ, ಹೂದಾನಿಯ ನೀರೂ ಸಹ. ಮಕ್ಕಳು, ಸಾಕುಪ್ರಾಣಿ ಇರುವ ಮನೆಯಲ್ಲಿ ದಯವಿಟ್ಟು ಬೇಡ. ಅರೆನೆರಳಿಗೆ ಒಗ್ಗುವ ಅಕ್ವಿಲೀಜಿಯಾ ಕೂಡ ತುಸು ವಿಷವೇ; ಅಂಥ ಮನೆಗೆ ಅದಕ್ಕಿಂತ ಸ್ನ್ಯಾಪ್‌ಡ್ರ್ಯಾಗನ್ ಮೇಲು, ನೆರಳಿನಲ್ಲಿ ಹೂ ತುಸು ಕಡಿಮೆ ಬಂದರೂ ಸರಿ.