ಎನ್‌ಎಫ್‌ಎಲ್ ಆಡ್ಸ್: ಒಂದೇ ಸಾಲಲ್ಲಿ ಎರಡು ಮೈನಸ್ ಯಾಕೆ?

ಗೋಲ್‌ಪೋಸ್ಟ್_ಗುಂಡ:
ನ್ಯೂಜೆರ್ಸಿಯ ಬೆಟ್ಟಿಂಗ್ ಆ್ಯಪ್‌ನಲ್ಲಿ ಎನ್‌ಎಫ್‌ಎಲ್‌ನ (ಅಮೆರಿಕದ ಫುಟ್‌ಬಾಲ್ ಲೀಗ್) ಒಂದು ಮ್ಯಾಚಿಗೆ ಹೀಗಿದೆ ಅಂತಿಟ್ಟುಕೊಳ್ಳಿ:

ಈಗಲ್ಸ್: −3 (−115) | −165 | ಓವರ್ 47.5 (−110)
ಕೌಬಾಯ್ಸ್: +3 (−105) | +140 | ಅಂಡರ್ 47.5 (−110)

ಕ್ರಿಕೆಟ್‌ನಲ್ಲಿ ಕಾಣೋ 1.90, 2.40 ಲೆಕ್ಕ ಅರ್ಥವಾಗುತ್ತೆ. ಇಲ್ಲಿ −3 ಯಾವುದು, −115 ಯಾವುದು? ಈಗಲ್ಸ್ ಗೆದ್ದರೂ ಬೆಟ್ ಸೋಲಬಹುದಾ?

ಲೆಕ್ಕದ_ಪುಸ್ತಕ:
ಸೋಲಬಹುದು. −3 ಅನ್ನೋದು ಪಾಯಿಂಟು, −115 ಅನ್ನೋದು ದುಡ್ಡು. ಎರಡಕ್ಕೂ ಮೈನಸ್ ಇರೋದೊಂದೇ ಹೋಲಿಕೆ.

−3 ಅಂದರೆ ಸ್ಪ್ರೆಡ್. ಮ್ಯಾಚ್ ಮುಗಿದ ಮೇಲೆ ಈಗಲ್ಸ್ ಸ್ಕೋರಿನಿಂದ 3 ಕಳೆದು ನೋಡಿ. 24–20 ಆದರೆ 21–20, ಬೆಟ್ ಗೆದ್ದಿತು. 23–21 ಆದರೆ 20–21, ತಂಡ ಗೆದ್ದರೂ ನಿಮ್ಮ ದುಡ್ಡು ಹೋಯಿತು. ಸರಿಯಾಗಿ 3ರ ಅಂತರವಾದರೆ ಅದು ಪುಷ್, ಹಾಕಿದ ಹಣ ವಾಪಸ್.

ಬೆಲೆಗೆ ಬಂದರೆ, ಮೈನಸ್ ಇದ್ದಾಗ 100 ಡಾಲರ್ ಲಾಭಕ್ಕೆ ಎಷ್ಟು ಹಾಕಬೇಕು ಅಂತ ಓದಿ. ಪ್ಲಸ್ ಇದ್ದಾಗ 100 ಹಾಕಿದರೆ ಎಷ್ಟು ಲಾಭ ಅಂತ. −165ಕ್ಕೆ 165 ಹಾಕಿ 100 ಗಳಿಸುತ್ತೀರಿ, +140ಕ್ಕೆ 100 ಹಾಕಿ 140. ನಿಮಗೆ ಗೊತ್ತಿರೋ ಲೆಕ್ಕಕ್ಕೆ ತಂದರೆ +140 ಅಂದರೆ 2.40, −165 ಅಂದರೆ ಸುಮಾರು 1.61.

ಆ ಮಧ್ಯದ ಅಂಕಣ ಮನಿಲೈನ್: ಅಂತರ ಎಷ್ಟಾದರೂ ಸರಿ, ಗೆದ್ದರೆ ಸಾಕು. ಕೊನೆಯದು ಎರಡೂ ತಂಡಗಳ ಒಟ್ಟು ಪಾಯಿಂಟ್: 48 ಆದರೆ ಓವರ್, 47 ಆದರೆ ಅಂಡರ್. ಓವರ್‌ಟೈಮ್ ಸ್ಕೋರೂ ಸೇರುತ್ತೆ, ಇದನ್ನ ತುಂಬಾ ಜನ ಮರೀತಾರೆ.

ಗೋಲ್‌ಪೋಸ್ಟ್_ಗುಂಡ:
ಹಾಗಾದ್ರೆ ಬುಕ್ಕಿಗೆ ಲಾಭ ಎಲ್ಲಿಂದ? ಮತ್ತೆ ಒಂದು ಕಡೆ −115, ಇನ್ನೊಂದು ಕಡೆ −105 ಯಾಕೆ?

ಲೆಕ್ಕದ_ಪುಸ್ತಕ:
ಮನಿಲೈನನ್ನೇ ಶೇಕಡಾವಾರಿಗೆ ತನ್ನಿ. −165: 165 ÷ 265 = 62.3%. +140: 100 ÷ 240 = 41.7%. ಕೂಡಿದರೆ 104. 100ರ ಮೇಲಿನ ಆ ಸುಮಾರು 4, ಬುಕ್ಕಿ ಬೆಲೆಯಲ್ಲೇ ಸೇರಿಸಿಟ್ಟಿರೋ ಕಮಿಷನ್. ಅಲ್ಲಿನವರು ವಿಗ್ ಅಂತಾರೆ. 62.3ನ್ನ 103.9ರಿಂದ ಭಾಗಿಸಿದರೆ ಈಗಲ್ಸ್ ಗೆಲ್ಲೋ ಸಾಧ್ಯತೆ ಸುಮಾರು 60%. ಪರದೆ ಮೇಲಿನ ಬೆಲೆಯಿಂದ ಬರೋ 62ನ್ನೇ ನಂಬೋದು ಹೊಸಬರ ಮೊದಲ ತಪ್ಪು. ಎರಡೂ ಕಡೆ −110 ಇದ್ದರೆ ಅಸಲು ಉಳಿಸಿಕೊಳ್ಳೋಕೇ 52.4% ಸಲ ಗೆಲ್ಲಬೇಕು.

ಮೂರನೇ_ಡೌನ್:
−115/−105 ಬಗ್ಗೆ ನಾನು ಹೇಳ್ತೀನಿ. ಈ ಆಟದಲ್ಲಿ ಎಲ್ಲ ಅಂತರವೂ ಸಮ ಅಲ್ಲ. ಫೀಲ್ಡ್ ಗೋಲ್‌ಗೆ 3, ಟಚ್‌ಡೌನ್ ಜೊತೆ ಕಿಕ್ ಸೇರಿ 7. ಅದಕ್ಕೇ ಸುಮಾರು ಏಳರಲ್ಲಿ ಒಂದು ಎನ್‌ಎಫ್‌ಎಲ್ ಪಂದ್ಯ ಸರಿಯಾಗಿ 3ಕ್ಕೆ ಮುಗಿಯುತ್ತೆ. ಎರಡನೇ ಸ್ಥಾನ 7ಕ್ಕೆ. ಈಗಲ್ಸ್ ಮೇಲೆ ಜಾಸ್ತಿ ದುಡ್ಡು ಬಿದ್ದರೂ ಬುಕ್ಕಿ −3ರಿಂದ −3.5ಕ್ಕೆ ಸುಲಭಕ್ಕೆ ಹೋಗಲ್ಲ. ಮೊದಲು ಬೆಲೆ ಏರಿಸ್ತಾನೆ, ಅದೇ −115.

ಹೋದರೆ ಏನಾಗುತ್ತೆ ಅನ್ನೋಕೆ 1979ರ ಜನವರಿಯ ಸೂಪರ್ ಬೌಲ್ (ಎನ್‌ಎಫ್‌ಎಲ್ ಫೈನಲ್) ಇದೆ. ಕೌಬಾಯ್ಸ್ ವಿರುದ್ಧ ಸ್ಟೀಲರ್ಸ್ ತಂಡದ ಲೈನ್, ಅಂದರೆ ಸ್ಪ್ರೆಡ್, −3.5 ಮತ್ತು −4.5ರ ನಡುವೆ ಓಡಾಡಿತು, ಪಂದ್ಯ ಸ್ಟೀಲರ್ಸ್ ಪರ 35–31ಕ್ಕೆ ಮುಗೀತು. ಸ್ಟೀಲರ್ಸ್ −3.5 ಹಿಡಿದವರೂ ಗೆದ್ದರು, ಕೌಬಾಯ್ಸ್ +4.5 ಹಿಡಿದವರೂ ಗೆದ್ದರು. ಬುಕ್ಕಿಗಳಿಗೆ ಎರಡೂ ಕಡೆಯಿಂದ ಏಟು.

ಹಾಗಾಗಿ −3 ಮತ್ತು −3.5 ನಡುವಿನ ಅರ್ಧ ಪಾಯಿಂಟ್ ದುಬಾರಿ, −4.5 ಮತ್ತು −5ರ ನಡುವಿನದು ಹೆಚ್ಚೇನಲ್ಲ. ಎರಡು ಆ್ಯಪ್‌ಗಳಲ್ಲಿ ಒಂದು −3, ಇನ್ನೊಂದು −3.5 ತೋರಿಸಿದರೆ ಅದು ಬರೀ ಅರ್ಧ ಪಾಯಿಂಟಿನ ಮಾತಲ್ಲ. ಬೆಟ್ ಇತ್ಯರ್ಥ ಆಗೋದು ನೀವು ಹಿಡಿದಾಗಿನ ಲೈನಿಗೇ. ಆಮೇಲೆ ಅದು ಎಲ್ಲಿಗೆ ಸರಿದರೂ ನಿಮಗೆ ಸಂಬಂಧ ಇಲ್ಲ.

ಸೈಡ್‌ಲೈನ್_ಸೀನ:
ಪಾರ್ಲೇ (ಹಲವು ಬೆಟ್ ಒಂದಾಗಿ ಜೋಡಿಸೋದು, ಎಲ್ಲವೂ ಗೆದ್ದರೆ ಮಾತ್ರ ದುಡ್ಡು) ಬಗ್ಗೆ ಯಾರೂ ಹೇಳಲಿಲ್ಲ, ಆ್ಯಪ್ ಎದ್ದು ತೋರಿಸೋದೇ ಅದನ್ನ. −110 ಅಂದರೆ 1.909; ಅಂಥ ಎರಡು ಜೋಡಿಸಿದರೆ 1.909 × 1.909 = 3.64. ನ್ಯಾಯವಾಗಿ ಸಿಗಬೇಕಾದ್ದು 4. ಅಂದರೆ ಬುಕ್ಕಿ ಪಾಲು 4.5%ರಿಂದ ಸುಮಾರು 9%ಕ್ಕೆ ಏರಿತು, ಮೂರು ಜೋಡಿಸಿದರೆ 13%. ಜೋಡಿಸಿದ ಬೆಟ್‌ಗಳಲ್ಲಿ ಒಂದು ಪುಷ್ ಆದರೆ ಸಾಮಾನ್ಯವಾಗಿ ಅದನ್ನ ಬಿಟ್ಟು ಉಳಿದದ್ದಕ್ಕೆ ಲೆಕ್ಕ ಹಾಕ್ತಾರೆ, ಆದರೂ ಆ್ಯಪಿನ ನಿಯಮ ಮೊದಲೇ ಓದಿ.